ಕ್ಯಾಂಪರ್ ವ್ಯಾನಿಗೆ ಗ್ಯಾಸೋ ಕರೆಂಟೋ? ಮೊದಲು ಶಾಖದ ಲೆಕ್ಕ ಹಾಕಿ

ಕ್ಯಾಂಪರ್ ವ್ಯಾನ್ ಎಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವ ವ್ಯಾನು. ಅದನ್ನು ಗ್ಯಾಸಿನಲ್ಲಿ ನಡೆಸಬೇಕೋ ಕರೆಂಟಿನಲ್ಲೋ ಎಂಬುದಕ್ಕೆ ಒಂದು ಲೀಟರ್ ನೀರನ್ನು ಒಲೆಯ ಮೇಲಿಟ್ಟುಕೊಂಡೇ ಲೆಕ್ಕ ಶುರು ಮಾಡೋಣ. 15 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರು ಕುದಿಯಬೇಕಾದರೆ ಹತ್ತಿರ ಹತ್ತಿರ 0.1 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ, ಅಂದರೆ ಕಿಲೋವ್ಯಾಟ್-ಅವರ್) ಶಾಖ ಬೇಕು. ಗ್ಯಾಸ್ ಇರಲಿ, ಕರೆಂಟ್ ಇರಲಿ, ಇದರಲ್ಲಿ ರಿಯಾಯಿತಿ ಇಲ್ಲ. ಇಂಡಕ್ಷನ್ ಒಲೆ ತಾನು ಎಳೆದ ಕರೆಂಟಿನಲ್ಲಿ ಸುಮಾರು ಶೇ. 85ರಷ್ಟನ್ನು ಪಾತ್ರೆಗೆ ಮುಟ್ಟಿಸುತ್ತದೆ. ಬ್ಯಾಟರಿಯ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ದಾರಿಯಲ್ಲಿ ಶೇ. 10ರಷ್ಟನ್ನು ನುಂಗುತ್ತದೆ. ಹಾಗಾಗಿ ಬ್ಯಾಟರಿಯಿಂದ ಹೊರಡುವುದು 0.13 ಯೂನಿಟ್, ಅಂದರೆ 12 ವೋಲ್ಟಿನ ಬ್ಯಾಟರಿಯಲ್ಲಿ 10 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ದಾಸ್ತಾನಿನ ಅಳತೆ). ಗ್ಯಾಸ್ ಒಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖ ಪಾತ್ರೆಯ ಪಕ್ಕದಿಂದಲೇ ಹಾರಿಹೋಗುತ್ತದೆ, ಶೇ. 45 ಒಳಗೆ ಸೇರಿದರೆ ಹೆಚ್ಚು. ಅಷ್ಟು ಪೋಲಾದರೂ ಖರ್ಚಾಗುವುದು ಬರೀ 17–18 ಗ್ರಾಂ ಗ್ಯಾಸ್.

ಈಗ ಎರಡರ ದಾಸ್ತಾನನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಕೆ.ಜಿ. ಎಲ್‌ಪಿಜಿ ಉರಿದರೆ ಸಿಗುವುದು ಸುಮಾರು 12.8 ಯೂನಿಟ್. 12.8 ವೋಲ್ಟಿನ 100 ಎಎಚ್ ಲಿಥಿಯಂ ಬ್ಯಾಟರಿ ಹಿಡಿಯುವುದು 1.28 ಯೂನಿಟ್. ಒಂದು ಕೆ.ಜಿ. ಗ್ಯಾಸಿಗೆ ಹತ್ತು ಬ್ಯಾಟರಿ, ಮತ್ತು ಆ ಹತ್ತು ಬ್ಯಾಟರಿಗಳ ತೂಕ ನೂರು ಕೆ.ಜಿ. ದಾಟುತ್ತದೆ. ಒಲೆಗಳಲ್ಲಿ ಆಗುವ ನಷ್ಟವನ್ನು ಎರಡೂ ಕಡೆ ಕಳೆದ ಮೇಲೂ, ಒಂದು ಕೆ.ಜಿ. ಗ್ಯಾಸಿನಲ್ಲಿ ಆಗುವ ಅಡುಗೆಗೆ ಆರು ಬ್ಯಾಟರಿ ಬೇಕೇ ಬೇಕು. ಆದರೆ ಗ್ಯಾಸ್ ಮುಗಿದರೆ ಮುಗಿಯಿತು, ಬ್ಯಾಟರಿ ಮಾರನೆಯ ದಿನದ ಬಿಸಿಲಿಗೋ ಓಡಾಟಕ್ಕೋ ಮತ್ತೆ ತುಂಬುತ್ತದೆ. ಗ್ಯಾಸ್ ಎಂದರೆ ಡಬ್ಬಿಯಲ್ಲಿ ಕೂಡಿಟ್ಟ ಗಂಟು, ಕರೆಂಟ್ ಎಂದರೆ ದಿನಗೂಲಿ. ದಿನಗೂಲಿ ಎಷ್ಟು ಬರುತ್ತದೆ ಎಂದು ತಿಳಿಯದೆ ಯಾವುದು ಮೇಲು ಎಂದು ವಾದಿಸಿ ಪ್ರಯೋಜನವಿಲ್ಲ.

ವ್ಯಾನ್ ಕಟ್ಟುವವರಲ್ಲಿ ಹೆಚ್ಚಿನವರು 'ಪೂರ್ತಿ ಗ್ಯಾಸೋ, ಪೂರ್ತಿ ಎಲೆಕ್ಟ್ರಿಕ್ಕೋ' ಎಂದು ಒಟ್ಟಿಗೆ ನಿರ್ಧರಿಸಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ದೀಪ, ಪಂಪು, ಫ್ಯಾನು, ಫೋನು, ಲ್ಯಾಪ್‌ಟಾಪ್ ಹೇಗೂ ಕರೆಂಟಿನಲ್ಲೇ ಓಡಬೇಕು, ಅಲ್ಲಿ ಆಯ್ಕೆಯೇ ಇಲ್ಲ. ಆಯ್ಕೆ ಇರುವುದು ನಾಲ್ಕು ಕೆಲಸಗಳಲ್ಲಿ: ವ್ಯಾನಿನ ಒಳಗನ್ನು ಬೆಚ್ಚಗಿಡುವುದು, ಸ್ನಾನದ ನೀರು ಕಾಯಿಸುವುದು, ಫ್ರಿಜ್, ಅಡುಗೆ. ಒಂದೊಂದನ್ನೇ ತೆಗೆದುಕೊಂಡರೆ ಮೂರು ಬೇಗ ಇತ್ಯರ್ಥವಾಗುತ್ತವೆ. ನಿಜವಾದ ಪ್ರಶ್ನೆ ಉಳಿಯುವುದು ಅಡುಗೆಯಲ್ಲಿ.

ಬೆಚ್ಚಗಿಡುವ ಕೆಲಸಕ್ಕೆ ಬ್ಯಾಟರಿ ಆಗುವುದಿಲ್ಲ

ಚಳಿಯ ರಾತ್ರಿ ಸಾಧಾರಣ ವ್ಯಾನಿಗೆ ಒಂದೂವರೆ ಕಿಲೋವ್ಯಾಟ್ ಶಾಖ ಬೇಕೆಂದುಕೊಳ್ಳಿ. ಎಂಟು ಗಂಟೆಗೆ 12 ಯೂನಿಟ್ ಆಯಿತು. ಗ್ಯಾಸಿನಲ್ಲಿ ಅದು ಒಂದು ಕೆ.ಜಿ.ಯ ಆಸುಪಾಸು, ಬ್ಯಾಟರಿಯಲ್ಲಿ 900 ಎಎಚ್‌ಗೂ ಮೇಲೆ, ಅದೂ ಒಂದೇ ರಾತ್ರಿಗೆ. ಹೊರಗಿನ ಪ್ಲಗ್‌ಗೆ ವ್ಯಾನನ್ನು ಜೋಡಿಸಿಕೊಂಡಿರುವಾಗ ಮಾತ್ರ ಎಲೆಕ್ಟ್ರಿಕ್ ಹೀಟರ್ ಲೆಕ್ಕಕ್ಕೆ ಬರುತ್ತದೆ. ಉಳಿದಂತೆ ಇದು ಇಂಧನದ ಕೆಲಸ. ಇಂಧನವೆಂದರೆ ಗ್ಯಾಸೇ ಆಗಬೇಕೆಂದಿಲ್ಲ. ವ್ಯಾನಿನ ಟ್ಯಾಂಕಿನಿಂದಲೇ ಎಣ್ಣೆ ಎಳೆದುಕೊಳ್ಳುವ ಡೀಸೆಲ್ ಹೀಟರ್ ಇದೆ. 2 ಕಿಲೋವ್ಯಾಟಿನದು ಗಂಟೆಗೆ 0.1ರಿಂದ 0.24 ಲೀಟರ್ ಡೀಸೆಲ್ ಕುಡಿಯುತ್ತದೆ. ಬ್ಯಾಟರಿಯಿಂದ ಬೇಕಾಗುವುದು ಹೊತ್ತಿಕೊಳ್ಳುವ ಮೊದಲ ಕೆಲವು ನಿಮಿಷ 100 ವ್ಯಾಟ್, ಆಮೇಲೆ 10ರಿಂದ 30 ವ್ಯಾಟ್ ಅಷ್ಟೇ. ಅದರ ತೊಂದರೆಗಳೂ ಗೊತ್ತಿರಲಿ. ಯಾವಾಗಲೂ ಸಣ್ಣ ಉರಿಯಲ್ಲೇ ಓಡಿಸಿದರೆ ಒಳಗೆ ಮಸಿ ಕಟ್ಟುತ್ತದೆ, ಆದ್ದರಿಂದ ವಾರಕ್ಕೊಮ್ಮೆಯಾದರೂ ಕಾಲು ಗಂಟೆ ಪೂರ್ತಿ ಉರಿಯಲ್ಲಿ ಬಿಡಬೇಕು. ಆರಿಸುವಾಗ ಬ್ಯಾಟರಿಯ ಮೇನ್ ಸ್ವಿಚ್ ತೆಗೆದುಬಿಟ್ಟರೆ ಫ್ಯಾನ್ ನಿಂತು, ತಣಿಯಬೇಕಾದ ಭಾಗ ಸುಡುತ್ತದೆ. ಅದರ ಸ್ವಂತ ಬಟನ್‌ನಿಂದಲೇ ಆರಿಸಿ, ತಾನಾಗಿ ನಿಲ್ಲುವವರೆಗೆ ಕಾಯಬೇಕು. ಎತ್ತರದ ಬೆಟ್ಟಪ್ರದೇಶದಲ್ಲಿ ಗಾಳಿ ತೆಳುವಾದಂತೆ ಮಸಿ ಇನ್ನೂ ಹೆಚ್ಚುತ್ತದೆ. ಅಲ್ಲಿಗೆ ಹೋಗುವವರು ಎತ್ತರಕ್ಕೆ ತಕ್ಕಂತೆ ಇಂಧನ ಕಡಿಮೆ ಮಾಡಿಕೊಳ್ಳುವ ಹೀಟರನ್ನೇ ಕೊಳ್ಳಬೇಕು.

ಡೀಸೆಲ್ ಆಗಲಿ ಗ್ಯಾಸ್ ಆಗಲಿ, ಹೀಟರ್ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು, ಹೊಗೆಯನ್ನು ಹೊರಗೇ ಬಿಡುವಂಥದ್ದಾಗಿರಬೇಕು. ಅಡುಗೆ ಒಲೆ ಹಚ್ಚಿ ವ್ಯಾನ್ ಬೆಚ್ಚಗೆ ಮಾಡಿಕೊಂಡು ಮಲಗುವ ಯೋಚನೆ ಯಾವತ್ತೂ ಬೇಡ. ಒಂದು ಕೆ.ಜಿ. ಗ್ಯಾಸ್ ಉರಿದಾಗ ಸುಮಾರು 1.6 ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಅದು ತಣ್ಣಗಿನ ತಗಡಿನ ಮೇಲೆ ಹನಿಗಟ್ಟಿ, ಹಲಗೆಯ ಹಿಂದೆ ಇಳಿದು, ವರ್ಷದೊಳಗೆ ತುಕ್ಕು ಹಿಡಿಸುತ್ತದೆ. ತುಕ್ಕಿಗಿಂತ ದೊಡ್ಡ ಅಪಾಯ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಸ್ನಾನದ ನೀರಿನ ಲೆಕ್ಕ ಇಷ್ಟು ಕಠಿಣವಲ್ಲ. 10 ಲೀಟರ್ ನೀರನ್ನು 15 ಡಿಗ್ರಿಯಿಂದ 40ಕ್ಕೆ ಏರಿಸಲು 0.3 ಯೂನಿಟ್ ಸಾಕು. ದಿನವೂ ಓಡಾಡುವ ವ್ಯಾನಾದರೆ ಎಂಜಿನ್ನಿನ ಕೂಲಂಟ್ ಪೈಪನ್ನು ನೀರಿನ ಬಾಯ್ಲರ್ ಮೂಲಕ ಹಾಯಿಸಬಹುದು, ಅರ್ಧ ಗಂಟೆಯ ಓಟಕ್ಕೆ ಬಿಸಿನೀರು ಬಿಟ್ಟಿಯಾಗಿ ಸಿಗುತ್ತದೆ. ಮಧ್ಯಾಹ್ನ ಬ್ಯಾಟರಿ ತುಂಬಿ ಸೋಲಾರ್ ವ್ಯರ್ಥವಾಗುವ ಹೊತ್ತಿನಲ್ಲಿ ಸಣ್ಣ ಎಲೆಕ್ಟ್ರಿಕ್ ಎಲಿಮೆಂಟಿನಿಂದ ಕಾಯಿಸಿಕೊಳ್ಳುವುದು ಇನ್ನೊಂದು ದಾರಿ.

ಫ್ರಿಜ್ ವಿಷಯದಲ್ಲಿ ತೀರ್ಮಾನ ಸ್ಪಷ್ಟ: 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಕೊಳ್ಳಿ. 50 ಲೀಟರಿನದು ದಿನಕ್ಕೆ 0.4ರಿಂದ 0.7 ಯೂನಿಟ್ ತಿನ್ನುತ್ತದೆ, ಓರೆಯಾಗಿ ನಿಂತರೂ ತಂಪು ಮಾಡುತ್ತದೆ. ಕಂಪ್ರೆಸರ್ ಬದಲು ಉರಿಯ ಶಾಖದಿಂದಲೇ ತಂಪು ಮಾಡುವ ಗ್ಯಾಸಿನ ಅಬ್ಸಾರ್ಪ್ಷನ್ ಫ್ರಿಜ್‌ಗೆ ದಿನಕ್ಕೆ 200–300 ಗ್ರಾಂ ಗ್ಯಾಸ್ ಬೇಕು, ವ್ಯಾನ್ ಸಮತಟ್ಟಾಗಿ ನಿಂತಿರಬೇಕು, ಪಕ್ಕದ ಗೋಡೆಯಲ್ಲಿ ಎರಡು ದೊಡ್ಡ ಕಿಂಡಿ ಕೊರೆಯಬೇಕು, ಬಿರುಬೇಸಿಗೆಯಲ್ಲಿ ಸೋಲುತ್ತದೆ. ಅದನ್ನು 12 ವೋಲ್ಟಿನಲ್ಲಿ ಓಡಿಸಿದರೆ ನೂರಕ್ಕೂ ಹೆಚ್ಚು ವ್ಯಾಟನ್ನು ಎಡೆಬಿಡದೆ ಎಳೆಯುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ, ಬಿಸಿಲು ಕಾಣದ ಜಾಗದಲ್ಲಿ ನಿಲ್ಲುವವರಿಗಷ್ಟೇ ಅದು ಸರಿ.

ಉಳಿಯಿತು ಅಡುಗೆ

ಹೀಟರ್ ಡೀಸೆಲ್, ಫ್ರಿಜ್ ಕಂಪ್ರೆಸರ್, ನೀರು ಎಂಜಿನ್ ಶಾಖದಲ್ಲಿ ಎಂದಾದರೆ ಗ್ಯಾಸಿಗೆ ಉಳಿಯುವ ಕೆಲಸ ಒಲೆಯೊಂದೇ. ಆ ಒಲೆಗಾಗಿ ಗ್ಯಾಸ್ ಪೆಟ್ಟಿಗೆ, ಪೈಪು, ವಾಲ್ವು, ಕಿಂಡಿ, ಅಲಾರಂ, ವರ್ಷಕ್ಕೊಮ್ಮೆ ತಪಾಸಣೆ ಇವಿಷ್ಟನ್ನೂ ಹೊರಬೇಕೇ? ಅಥವಾ ಅಷ್ಟೇ ಕೆಲಸಕ್ಕಾಗಿ ಬ್ಯಾಟರಿಯನ್ನು ಎರಡರಷ್ಟು ಮಾಡಬೇಕೇ?

ಇಬ್ಬರ ಒಂದು ದಿನ ತೆಗೆದುಕೊಳ್ಳಿ. ಬೆಳಿಗ್ಗೆ ಸಂಜೆ ಒಂದೊಂದು ಲೀಟರ್ ನೀರು ಕುದಿಸುವುದಕ್ಕೆ 0.26 ಯೂನಿಟ್, ತಿಂಡಿಗೆ 0.2, ಎರಡು ಹೊತ್ತಿನ ಅಡುಗೆಗೆ ಸೇರಿ 0.65 ಎಂದಿಟ್ಟುಕೊಂಡರೆ ಅಡುಗೆಗೇ ಸುಮಾರು 1.1 ಯೂನಿಟ್. ಫ್ರಿಜ್ 0.5, ದೀಪ, ಫ್ಯಾನು, ಪಂಪು, ಲ್ಯಾಪ್‌ಟಾಪ್ 0.3. ಒಟ್ಟು ದಿನಕ್ಕೆ 1.9. ಬಿಸಿಲೂ ಇಲ್ಲದ, ಓಡಾಟವೂ ಇಲ್ಲದ ಎರಡು ದಿನ ತಡೆಯಬೇಕೆಂದರೆ 3.8 ಯೂನಿಟ್ ಕೈಯಲ್ಲಿರಬೇಕು. ಲಿಥಿಯಂ ಬ್ಯಾಟರಿಯ ಶೇ. 85ರಷ್ಟನ್ನು ಬಳಸುವ ಲೆಕ್ಕದಲ್ಲಿ 350 ಎಎಚ್ ಆಯಿತು. ಅದೇ ಅಡುಗೆ ಗ್ಯಾಸಿನಲ್ಲಾದರೆ ಬ್ಯಾಟರಿಯಿಂದ ಬೇಕಾಗುವುದು ದಿನಕ್ಕೆ 0.8 ಯೂನಿಟ್, ಎರಡು ದಿನಕ್ಕೆ 1.6, ಬ್ಯಾಟರಿ 150 ಎಎಚ್ ಸಾಕು. ಅಡುಗೆಯ ಗ್ಯಾಸ್ ದಿನಕ್ಕೆ 150 ಗ್ರಾಂ ಹಿಡಿದರೆ 6 ಕೆ.ಜಿ. ಸಿಲಿಂಡರ್ 40 ದಿನ ಬರುತ್ತದೆ.

ಈ ಲೆಕ್ಕದಲ್ಲಿ ಸದ್ದಿಲ್ಲದೆ ನುಸುಳುವ ಖರ್ಚೊಂದಿದೆ. ಇನ್ವರ್ಟರ್ ಏನನ್ನೂ ಓಡಿಸದೆ ಸುಮ್ಮನೆ ಆನ್ ಇದ್ದರೂ 10ರಿಂದ 25 ವ್ಯಾಟ್ ತಿನ್ನುತ್ತದೆ. ಇಡೀ ದಿನ ಬಿಟ್ಟರೆ 0.24ರಿಂದ 0.6 ಯೂನಿಟ್, ಅಂದರೆ ಒಂದು ಫ್ರಿಜ್ಜಿನಷ್ಟು. ಒಲೆಯ ಹತ್ತಿರವೇ ಕೈಗೆ ಸಿಗುವಂತೆ ಇನ್ವರ್ಟರಿನ ರಿಮೋಟ್ ಸ್ವಿಚ್ ಹಾಕಿಸಿ, ಅಡುಗೆ ಮುಗಿದ ಕೂಡಲೇ ಆರಿಸುವ ರೂಢಿ ಮಾಡಿಕೊಳ್ಳಬೇಕು.

ಇನ್ನು ದಿನಗೂಲಿಯ ಕಡೆ. ಮಾಡಿನ ಮೇಲೆ ಮಟ್ಟಸವಾಗಿ ಕೂರಿಸಿದ 400 ವ್ಯಾಟ್ ಸೋಲಾರ್, ಒಳ್ಳೆಯ ಬಿಸಿಲಿನ ದಿನ 1.2 ಯೂನಿಟ್‌ನಷ್ಟು ಕೊಡುತ್ತದೆ. ಮೋಡ ಕವಿದರೆ ಅದರ ಕಾಲು ಭಾಗಕ್ಕೂ ಇಳಿಯಬಹುದು. ಭೂಮಧ್ಯರೇಖೆಯಿಂದ ದೂರದ ನಾಡುಗಳ ಚಳಿಗಾಲದಲ್ಲಿ, ಮರದ ನೆರಳಿನಲ್ಲಿ, ಇನ್ನೂ ಕೆಳಗೆ. ಎಂಜಿನ್ ಓಡುವಾಗ 30 ಆಂಪ್‌ನ ಡಿಸಿ-ಡಿಸಿ ಚಾರ್ಜರ್ (ಎಂಜಿನ್ನಿನ ಕರೆಂಟನ್ನು ವ್ಯಾನಿನೊಳಗಿನ ಬ್ಯಾಟರಿಗೆ ತುಂಬುವ ಸಾಧನ) ಗಂಟೆಗೆ 0.4 ಯೂನಿಟ್ ತುಂಬುತ್ತದೆ, ಎರಡು ಗಂಟೆ ಓಡಿಸಿದರೆ 0.8. ಅಂದರೆ ಬಿಸಿಲಿರುವ ಕಾಲದಲ್ಲಿ ದಿನವೂ ಊರು ಬದಲಿಸುವವರಿಗೆ 1.9 ಯೂನಿಟಿನ ದಿನ ತೂಗುತ್ತದೆ. ಒಂದೇ ಕಡೆ ವಾರಗಟ್ಟಲೆ ನಿಲ್ಲುವವರಿಗೆ, ಅದರಲ್ಲೂ ಕಾಡಿನ ನೆರಳು ಬಯಸುವವರಿಗೆ, ಮೂರನೆಯ ದಿನಕ್ಕೆ ಒಲೆ ತಣ್ಣಗಾಗುತ್ತದೆ. ಅಂಥವರಿಗೆ ಗ್ಯಾಸೇ ಸರಿ, ಎರಡನೇ ಮಾತಿಲ್ಲ.

ಇದೆಲ್ಲವನ್ನೂ ಒಂದೇ ಏಟಿಗೆ ತಲೆಕೆಳಗು ಮಾಡುವುದು ಏರ್ ಕಂಡೀಷನರ್. ಬ್ಯಾಟರಿಯಲ್ಲಿ ರಾತ್ರಿಯೆಲ್ಲ ತಂಪು ಬೇಕೆಂದರೆ 24 ಅಥವಾ 48 ವೋಲ್ಟಿನ ದೊಡ್ಡ ಬ್ಯಾಟರಿ ವ್ಯವಸ್ಥೆ ಕಟ್ಟಲೇಬೇಕು. ಅದಿದ್ದ ಮೇಲೆ ಇಂಡಕ್ಷನ್ ಒಲೆ ಅದರ ನೆರಳಲ್ಲೇ ನಡೆದುಹೋಗುತ್ತದೆ, ಗ್ಯಾಸಿನ ಮಾತು ಎತ್ತುವ ಅಗತ್ಯವಿಲ್ಲ.

ಎಲೆಕ್ಟ್ರಿಕ್ ಅಂದರೆ ದಪ್ಪ ವೈರು

ಇಂಡಕ್ಷನ್ ಆರಿಸಿಕೊಂಡವರು ಎಷ್ಟು ಯೂನಿಟ್ ಎಂದು ಯೋಚಿಸುತ್ತಾರೆ, ಎಷ್ಟು ಆಂಪ್ ಎಂದು ಯೋಚಿಸುವುದಿಲ್ಲ. ಮನೆಯಲ್ಲಿ 2000 ವ್ಯಾಟಿನ ಒಲೆ 9 ಆಂಪ್ ಎಳೆಯುತ್ತದೆ. ಅದೇ ಒಲೆ 12 ವೋಲ್ಟಿನ ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಎಳೆಯುವುದು 174 ಆಂಪ್. ವ್ಯಾನಿನಲ್ಲಿ ಬೆಂಕಿ ಹುಟ್ಟುವ ಜಾಗ ಇದು.

ಕೈಯಲ್ಲಿ ಹಿಡಿದು ನೋಡುವಷ್ಟು ಹತ್ತಿರದಿಂದ ನೋಡೋಣ. ಬ್ಯಾಟರಿಯಿಂದ ಇನ್ವರ್ಟರಿಗೆ ಎರಡು ಮೀಟರ್ ದೂರ, ಹೋಗಿ ಬರುವ ವೈರು ಸೇರಿ ನಾಲ್ಕು ಮೀಟರ್ ತಾಮ್ರ. 25 ಚದರ ಮಿ.ಮೀ. ವೈರಾದರೆ ಅದರ ರೋಧ 2.8 ಮಿಲಿಓಮ್. 174 ಆಂಪ್ ಹರಿದಾಗ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದು, 85 ವ್ಯಾಟ್ ಶಾಖ ವೈರಿನಲ್ಲೇ ಹುಟ್ಟುತ್ತದೆ. 50 ಚದರ ಮಿ.ಮೀ.ಗೆ ಏರಿಸಿದರೆ ಎರಡೂ ಅರ್ಧ. ಈಗ ವೈರಿನ ತುದಿಯ ಲಗ್, ಅಂದರೆ ವೈರನ್ನು ಬೋಲ್ಟಿಗೆ ಕೂರಿಸುವ ಲೋಹದ ತುದಿ ನೋಡಿ. ಸುತ್ತಿಗೆಯಿಂದ ಕುಟ್ಟಿಯೋ ಕಟಿಂಗ್ ಪ್ಲೇಯರಿನಿಂದ ಅಮುಕಿಯೋ ಕೂರಿಸಿದ ಲಗ್‌ನಲ್ಲಿ ಬರೀ 5 ಮಿಲಿಓಮ್ ರೋಧ ಉಳಿದರೂ ಅಲ್ಲಿ 150 ವ್ಯಾಟ್ ಶಾಖ ಹುಟ್ಟುತ್ತದೆ. ವೈರಿನಲ್ಲಿ ಹುಟ್ಟುವ ಶಾಖ ನಾಲ್ಕು ಮೀಟರಿಗೆ ಹಂಚಿಹೋಗುತ್ತದೆ. ಲಗ್ಗಿನದು ಹೆಬ್ಬೆರಳ ಗಾತ್ರದ ಜಾಗದಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಪಕ್ಕದಲ್ಲೇ, ಒಟ್ಟುಗೂಡುತ್ತದೆ. ಮೊದಲು ಹೊದಿಕೆ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಸುಟ್ಟ ವಾಸನೆ, ಆಮೇಲೆ ಬೆಂಕಿ. ಆದ್ದರಿಂದ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್, ವೈರಿನ ಅಳತೆಗೆ ಸರಿಯಾದ ಡೈ (ಅಮುಕುವ ಅಚ್ಚು), ತಾಮ್ರದ ಟಿನ್ ಲೇಪಿತ ಲಗ್ ಈ ಮೂರರಲ್ಲಿ ಉಳಿತಾಯ ಮಾಡಬೇಡಿ. ಎಲ್ಲ ಜೋಡಿಸಿದ ಮೇಲೆ ಒಲೆಯನ್ನು ಪೂರ್ತಿ ಶಕ್ತಿಯಲ್ಲಿ ಹದಿನೈದು ನಿಮಿಷ ಓಡಿಸಿ, ಒಂದೊಂದು ಲಗ್‌ನ ತಾಪವನ್ನೂ ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಅಳೆಯಿರಿ. ಎಲ್ಲವೂ ಉಗುರುಬೆಚ್ಚಗಿದ್ದು ಒಂದು ಮಾತ್ರ ಬಿಸಿಯಾಗಿದ್ದರೆ ಅದನ್ನು ಕತ್ತರಿಸಿ ಹೊಸದು ಹಾಕಿ.

ಇನ್ವರ್ಟರ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಂಬಬೇಡಿ. 3000 ವಿಎ ಎಂದು ಬರೆದದ್ದು ನಿಜಕ್ಕೂ ಕೊಡುವುದು 2400 ವ್ಯಾಟ್ ಇರಬಹುದು, ಅದೂ 25 ಡಿಗ್ರಿಯಲ್ಲಿ. ಮುಚ್ಚಿದ ಬೆಂಚಿನ ಕೆಳಗೆ 40 ಡಿಗ್ರಿಯಾದಾಗ ಇನ್ನೂ ಕಡಿಮೆ. 2000 ವ್ಯಾಟಿನ ಒಲೆಗೆ ಇಷ್ಟು ದೊಡ್ಡದೇ ಬೇಕು, ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥದೇ ನಯವಾದ ಎಸಿ ಕೊಡುವಂಥದ್ದು) ಆಗಿರಲೇಬೇಕು. ಇಂಥದ್ದಕ್ಕೆ 12 ವೋಲ್ಟಿನಲ್ಲಿ 50 ಚದರ ಮಿ.ಮೀ.ನ ಎರಡೆರಡು ವೈರು, 400 ಆಂಪ್ ಫ್ಯೂಸ್ ಕೇಳುವುದು ಸಾಮಾನ್ಯ. ತಯಾರಕರ ಕೈಪಿಡಿಯಲ್ಲಿ ಇರುವುದಕ್ಕಿಂತ ತೆಳುವಿಗೆ ಇಳಿಯಬೇಡಿ. ಹೊಸದಾಗಿ ಕಟ್ಟುವವರು 24 ವೋಲ್ಟಿಗೆ ಹೋದರೆ ಆಂಪ್ ಅರ್ಧವಾಗುತ್ತದೆ.

ಫ್ಯೂಸು ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಲಿಥಿಯಂ ಬ್ಯಾಟರಿ ಶಾರ್ಟ್ ಆದಾಗ ಸಾವಿರಾರು ಆಂಪ್ ಒಮ್ಮೆಗೇ ನುಗ್ಗುತ್ತದೆ. ಅಗ್ಗದ ಫ್ಯೂಸ್ ಕರಗಿದರೂ ಒಳಗೆ ಕಿಡಿಯ ಸೇತುವೆ ಉಳಿದು ಕರೆಂಟ್ ಹರಿಯುತ್ತಲೇ ಇರಬಹುದು. ಅದಕ್ಕೇ ಕ್ಲಾಸ್-ಟಿ ಫ್ಯೂಸ್ ಎನ್ನುವುದು. ಅದು 20,000 ಆಂಪ್‌ವರೆಗಿನ ಶಾರ್ಟನ್ನು ಕತ್ತರಿಸಬಲ್ಲದು.

ಬ್ಯಾಟರಿಯೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಕಾವಲುಗಾರ) ಕೂಡ ನೋಡಬೇಕು. 100 ಎಎಚ್ ಬ್ಯಾಟರಿಗಳ ಬಿಎಂಎಸ್ ಬಹುಪಾಲು 100 ಆಂಪ್‌ಗೆ ಮಿತಿ ಹಾಕುತ್ತದೆ. 174 ಆಂಪ್ ಎಳೆದ ಗಳಿಗೆಯಲ್ಲೇ ಬ್ಯಾಟರಿ ತಾನಾಗಿ ಬಂದ್ ಆಗಿ, ದೀಪವೂ ಸೇರಿ ಇಡೀ ವ್ಯಾನ್ ಕತ್ತಲಾಗುತ್ತದೆ. ಕನಿಷ್ಠ ಎರಡು, ನೆಮ್ಮದಿಗೆ ಮೂರು ಪ್ಯಾರಲಲ್ ಇರಲಿ. ಪಾಸಿಟಿವ್ ಮೊದಲ ಬ್ಯಾಟರಿಯಿಂದ, ನೆಗೆಟಿವ್ ಕೊನೆಯ ಬ್ಯಾಟರಿಯಿಂದ ತೆಗೆಯಿರಿ, ನಡುವಿನ ವೈರುಗಳ ಉದ್ದ ಒಂದೇ ಇರಲಿ. ಇಲ್ಲದಿದ್ದರೆ ಹತ್ತಿರದ ಬ್ಯಾಟರಿಯೇ ಹೆಚ್ಚು ದುಡಿದು ಬೇಗ ಸವೆಯುತ್ತದೆ. ಶೂನ್ಯ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂತು, ಮತ್ತೆ ಸರಿಹೋಗದ ಹಾಗೆ ಸಾಮರ್ಥ್ಯ ಕಳೆಯುತ್ತದೆ. ಬ್ಯಾಟರಿಯನ್ನು ಇನ್ಸುಲೇಶನ್ನಿನ ಒಳಬದಿಯಲ್ಲೇ ಇಡಿ.

ಒಲೆಯಲ್ಲೂ ಒಂದು ಮರ್ಮವಿದೆ. ಅಗ್ಗದ ಇಂಡಕ್ಷನ್ ಒಲೆಯಲ್ಲಿ 400 ವ್ಯಾಟ್ ಎಂದು ಒತ್ತಿದರೆ ಅದು ನಿಜಕ್ಕೂ 400ಕ್ಕೆ ಇಳಿಯುವುದಿಲ್ಲ. ಕೆಲವು ಸೆಕೆಂಡು ಸಾವಿರಕ್ಕೂ ಹೆಚ್ಚು ವ್ಯಾಟ್, ಕೆಲವು ಸೆಕೆಂಡು ಸೊನ್ನೆ, ಹೀಗೆ ಹಾರುತ್ತದೆ. ಸರಾಸರಿ ಸರಿಬರುತ್ತದೆ, ಆದರೆ ಬ್ಯಾಟರಿ, ವೈರು, ಇನ್ವರ್ಟರ್ ಪ್ರತಿ ಬಾರಿಯೂ ಪೂರ್ತಿ ಹೊಡೆತ ತಿನ್ನುತ್ತವೆ. ಬ್ಯಾಟರಿ ತಗ್ಗಿದ್ದಾಗ ಆ ಹೊಡೆತಕ್ಕೆ ವೋಲ್ಟೇಜ್ ಕುಸಿದು ಇನ್ವರ್ಟರ್ ಕೈಕೊಡುತ್ತದೆ. ಕೊಳ್ಳುವ ಮೊದಲು ವ್ಯಾಟ್ ಮೀಟರಿಗೆ ಹಾಕಿ, ಕಡಿಮೆ ಉರಿಯಲ್ಲಿ ಮುಳ್ಳು ಸ್ಥಿರವಾಗಿ ನಿಲ್ಲುತ್ತದೆಯೇ ನೋಡಿ.

ಇನ್ವರ್ಟರ್ ಬದಿಗೆ 30 ಮಿಲಿಆಂಪ್‌ನ ಆರ್‌ಸಿಡಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿ ಸುಮ್ಮನಾಗಬೇಡಿ. ಇನ್ವರ್ಟರಿನ ಔಟ್‌ಪುಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಒಂದಕ್ಕೊಂದು ಸೇರಿರದಿದ್ದರೆ ಸೋರಿದ ಕರೆಂಟಿಗೆ ಮರಳುವ ದಾರಿಯೇ ಇರುವುದಿಲ್ಲ, ಆರ್‌ಸಿಡಿ ಬೀಳುವುದೂ ಇಲ್ಲ. ಹೊರಗಿನ ಪ್ಲಗ್‌ಗೆ ಹಾಕಿದಾಗ ಆ ಜೋಡಣೆ ಬಿಡಬೇಕು, ಇನ್ವರ್ಟರಿನಲ್ಲಿದ್ದಾಗ ಕೂಡಬೇಕು. ಒಳ್ಳೆಯ ಇನ್ವರ್ಟರ್-ಚಾರ್ಜರ್‌ಗಳು ಒಳಗಿನ ರಿಲೇಯಿಂದ ಇದನ್ನು ತಾವೇ ಮಾಡುತ್ತವೆ. ಬಿಡಿಬಿಡಿಯಾಗಿ ಜೋಡಿಸುವವರು ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಗ್ಯಾಸ್ ಅಂದರೆ ನೆಲದ ಮೇಲಿನ ತೂತು

ಎಲ್‌ಪಿಜಿ ಗಾಳಿಗಿಂತ ಭಾರ. ಪ್ರೊಪೇನ್ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು. ಸೋರಿದರೆ ಮೇಲೇರುವುದಿಲ್ಲ, ನೀರಿನ ಹಾಗೆ ಇಳಿದು ನೆಲದ ಮೇಲೆ ಹರಡುತ್ತದೆ. ಗಾಳಿಯಲ್ಲಿ ಶೇ. 2ರಷ್ಟು ಸೇರಿದರೆ ಹೊತ್ತಿಕೊಳ್ಳುವಷ್ಟಾಯಿತು. 6 ಚದರ ಮೀಟರ್ ನೆಲದ ವ್ಯಾನಿನಲ್ಲಿ, ನೆಲದಿಂದ 10 ಸೆಂ.ಮೀ. ಎತ್ತರದವರೆಗಿನ ಪದರವನ್ನು ಹೊತ್ತಿಕೊಳ್ಳುವ ಮಟ್ಟಕ್ಕೆ ತರಲು ಬೇಕಾಗುವುದು 25 ಗ್ರಾಮಿಗಿಂತ ಕಡಿಮೆ ಗ್ಯಾಸ್. ಮೊದಲು ಕುದಿಸಿದ ಆ ಒಂದು ಲೀಟರ್ ನೀರಿಗೆ ಖರ್ಚಾದದ್ದಕ್ಕಿಂತ ಸ್ವಲ್ಪವೇ ಹೆಚ್ಚು. ಫ್ರಿಜ್ಜಿನ ಸ್ವಿಚ್ಚಿನ ಒಂದು ಕಿಡಿ ಸಾಕು.

ಹಾಗಾಗಿ ಸಿಲಿಂಡರಿಗೆ ಪ್ರತ್ಯೇಕ ಪೆಟ್ಟಿಗೆ ಬೇಕು. ಅದರ ಬಾಗಿಲು ಹೊರಗಿನಿಂದ ತೆರೆಯುವಂಥದ್ದೋ, ಇಲ್ಲವೇ ಸಿಲಿಂಡರಿನ ತಲೆಯ ಮಟ್ಟದಲ್ಲಿ ರಬ್ಬರ್ ಸೀಲ್ ಇರುವಂಥದ್ದೋ ಆಗಿರಲಿ. ವ್ಯಾನಿನ ಒಳಭಾಗಕ್ಕೆ ಎಲ್ಲಿಂದಲೂ ಗಾಳಿಯಾಡಬಾರದು. ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ನೇರವಾಗಿ ಬೀಳುವ ತೂತು ಬೇಕು. ಯುರೋಪಿನ ಇಎನ್ 1949 ನಿಯಮದಲ್ಲಿ ಇದು ತಳದ ವಿಸ್ತೀರ್ಣದ ಶೇ. 2, ಆದರೆ 100 ಚದರ ಸೆಂ.ಮೀ.ಗೆ ಕಡಿಮೆಯಿಲ್ಲ. ಆ ತೂತಿನ ಕೆಳಗೆ ಸೈಲೆನ್ಸರ್, ಹೀಟರಿನ ಹೊಗೆಕೊಳವೆ ಇರಬಾರದು. ಕೆಸರು ಮೆತ್ತಿಕೊಂಡು ಮುಚ್ಚಿಹೋಗಿದೆಯೇ ಎಂದು ಆಗಾಗ ಬಗ್ಗಿ ನೋಡಬೇಕು. ಹೊಸಬರು ಗೋಡೆ, ಇನ್ಸುಲೇಶನ್, ಬೆಂಚು ಎಲ್ಲ ಮುಗಿಸಿ ಕೊನೆಗೆ ಪೆಟ್ಟಿಗೆಗೆ ಜಾಗ ಹುಡುಕುತ್ತಾರೆ. ಆಗ ಉಳಿದಿರುವ ಮೂಲೆಯ ಕೆಳಗೇ ಡೀಸೆಲ್ ಟ್ಯಾಂಕೋ ಚಾಸಿಯ ತೊಲೆಯೋ ಇರುತ್ತದೆ. ಗ್ಯಾಸ್ ಬೇಕೆಂದಾದರೆ ಖಾಲಿ ವ್ಯಾನಿನಲ್ಲಿ ಗುರುತು ಹಾಕುವ ಮೊದಲ ಜಾಗ ಅದೇ ಆಗಿರಲಿ.

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಎರಡು ಪಟ್ಟಿಯಿಂದ ಬಿಗಿದಿರಬೇಕು. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿ, ಒಲೆಯಲ್ಲಿ ಮಾರುದ್ದ ಬೆಂಕಿ ಏಳುತ್ತದೆ. ರೆಗ್ಯುಲೇಟರ್ ಸಿಲಿಂಡರಿನ ಬಾಯಿಗಿಂತ ಮೇಲಿರಲಿ. ಕೆಳಗಿದ್ದರೆ ಗ್ಯಾಸಿನ ಜೊತೆ ಬರುವ ಎಣ್ಣೆಯಂಥ ಜಿಡ್ಡು ಅದರೊಳಗೆ ಇಳಿದು ಕೆಡಿಸುತ್ತದೆ. ಒಲೆಯ ಮೇಲೆ ಬರೆದ ಒತ್ತಡ ಮತ್ತು ರೆಗ್ಯುಲೇಟರಿನ ಒತ್ತಡ ಒಂದೇ ಇರಬೇಕು. 30 ಮಿಲಿಬಾರಿನ ಒಲೆಗೆ 50ರ ರೆಗ್ಯುಲೇಟರ್ ಸಿಕ್ಕಿಸಿದರೆ ಉರಿ ಬರ್ನರಿನಿಂದ ಮೇಲೆದ್ದು ಮೊರೆಯುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ.

ಚಳಿಯ ಕಡೆ ಹೋಗುವವರು ಸಿಲಿಂಡರಿನಲ್ಲಿ ಏನಿದೆ ಎಂದು ಕೇಳಿ ತಿಳಿಯಬೇಕು. ಬ್ಯೂಟೇನ್ ಶೂನ್ಯ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ. ಪ್ರೊಪೇನ್ −42 ಡಿಗ್ರಿಯವರೆಗೂ ಆವಿಯಾಗುತ್ತದೆ.

ಪೈಪಿಗೆ 8 ಮಿ.ಮೀ. ತಾಮ್ರ ಸಾಕು. ಅರ್ಧ ಮೀಟರಿಗೊಂದು ಕ್ಲಿಪ್, ತಗಡು ದಾಟುವಲ್ಲಿ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ). ವ್ಯಾನ್ ಮನೆಯಲ್ಲ, ದಿನವೂ ಅಲುಗುತ್ತದೆ. ಕ್ಲಿಪ್ ಇಲ್ಲದ ಪೈಪು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ತೂತಾಗುತ್ತದೆ. ಕಂಪ್ರೆಷನ್ ಜಾಯಿಂಟಿನ ಹಿತ್ತಾಳೆ ಉಂಗುರವನ್ನು ವಿಪರೀತ ಬಿಗಿದರೆ ಪೈಪೇ ಚಪ್ಪಟೆಯಾಗಿ ಸೋರುತ್ತದೆ. ಅಲ್ಲಿ ಟೆಫ್ಲಾನ್ ಟೇಪ್ ಸುತ್ತುವ ಅಗತ್ಯವೂ ಇಲ್ಲ. ಒಂದೊಂದು ಸಾಧನಕ್ಕೂ ಪ್ರತ್ಯೇಕ ವಾಲ್ವ್ ಇರಲಿ, ಬರ್ನರಿಗೆ ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ಥರ್ಮೋಕಪಲ್ ಇರಲೇಬೇಕು. ರಬ್ಬರ್ ಹೋಸಿನ ಮೇಲೆ ಮುದ್ರಿಸಿದ ವರ್ಷ ನೋಡಿ, ಅವಧಿ ಮೀರಿದ್ದರೆ ಬದಲಿಸಿ.

ಸೋರಿಕೆಯ ಪರೀಕ್ಷೆಗೆ ಲೈನಿಗೆ ಒತ್ತಡ ಮಾಪಕ ಜೋಡಿಸಿ, ಒಲೆಗಳನ್ನೆಲ್ಲ ಬಂದ್ ಮಾಡಿ, ಸಿಲಿಂಡರನ್ನು ತೆರೆದು ಮತ್ತೆ ಮುಚ್ಚಿ ಕಾಯಬೇಕು. ಮುಳ್ಳು ಇಳಿದರೆ ಸೋರುತ್ತಿದೆ ಎಂದರ್ಥ. ಇದನ್ನು ನೆರಳಲ್ಲಿ ಮಾಡಿ. ಪೈಪಿಗೆ ಬಿಸಿಲು ಬಿದ್ದರೆ ಒಳಗಿನ ಗ್ಯಾಸ್ ಹಿಗ್ಗಿ, ಸಣ್ಣ ಸೋರಿಕೆಯನ್ನು ಮುಳ್ಳು ಮುಚ್ಚಿಡುತ್ತದೆ. ಆಮೇಲೆ ಪ್ರತಿ ಜಾಯಿಂಟಿಗೂ ನೊರೆ ಹಚ್ಚಿ ಗುಳ್ಳೆ ನೋಡಿ. ಅಮೋನಿಯಾ ಇರುವ ಸೋಪು ಹಿತ್ತಾಳೆಯಲ್ಲಿ ಬಿರುಕು ತರುತ್ತದೆ, ಸೋರಿಕೆ ಹುಡುಕಲೆಂದೇ ಇರುವ ದ್ರಾವಣ ಮೇಲು. ಬೆಂಕಿಕಡ್ಡಿ ಹಿಡಿದು ನೋಡುವುದಂತೂ ಕನಸಲ್ಲೂ ಬೇಡ. ಅನೇಕ ಕಡೆ ಈ ಕೆಲಸವನ್ನು ಪರವಾನಗಿ ಇರುವವರೇ ಮಾಡಬೇಕು, ಅವರ ಪ್ರಮಾಣಪತ್ರವಿಲ್ಲದೆ ವಿಮೆ ಸಿಗುವುದಿಲ್ಲ. ಕೆಲವು ಸುರಂಗ, ದೋಣಿಗಳಲ್ಲಿ ಸಿಲಿಂಡರ್ ಒಯ್ಯಲು ಮಿತಿಯೂ ಇದೆ.

ಅಲಾರಂ ಎರಡು ಬೇಕು, ಎರಡೂ ಬೇರೆ ಬೇರೆ. ಎಲ್‌ಪಿಜಿ ಅಲಾರಂ ನೆಲದಿಂದ ಒಂದು ಗೇಣಿನೊಳಗೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗಿದಾಗ ಮುಖ ಇರುವ ಮಟ್ಟದಲ್ಲಿ. ಒಲೆಯ ಕೋಣೆಗೆಂದು ಮೇಲೊಂದು ಕೆಳಗೊಂದು ಯಾವತ್ತೂ ತೆರೆದಿರುವ ಕಿಂಡಿ ಇರಬೇಕು. ಚಳಿ ಎಂದು ಅದಕ್ಕೆ ಟೇಪ್ ಅಂಟಿಸುವುದರಿಂದಲೇ ಸಾವುಗಳಾಗುವುದು. ಡೀಸೆಲ್ ಹೀಟರ್ ಇರುವ, ಗ್ಯಾಸೇ ಇಲ್ಲದ ವ್ಯಾನಿಗೂ ಮಾನಾಕ್ಸೈಡ್ ಅಲಾರಂ ಕಡ್ಡಾಯ.

ಕೊರೆಯುವ ಮೊದಲು ಅಳೆಯಿರಿ

ವ್ಯಾನಿಗೆ ಒಂದು ತೂತು ಕೊರೆಯುವ ಮೊದಲು ಮನೆಯಲ್ಲೇ ಎರಡು ವಾರ ಅಳೆಯಬಹುದು. ಪ್ಲಗ್ಗಿಗೆ ಸಿಕ್ಕಿಸುವ ಎನರ್ಜಿ ಮೀಟರ್ ಮೂಲಕ ಒಂಟಿ ಇಂಡಕ್ಷನ್ ಒಲೆ ಹಾಕಿ, ವ್ಯಾನಿನಲ್ಲಿ ಮಾಡುವಂಥ ಅಡುಗೆಯನ್ನು ಅದೊಂದರಲ್ಲೇ ಮಾಡಿ. ದಿನದ ಕೊನೆಗೆ ಬಂದ ಯೂನಿಟ್ಟನ್ನು 0.9ರಿಂದ ಭಾಗಿಸಿದರೆ ಬ್ಯಾಟರಿಯಿಂದ ಹೋಗುವ ಲೆಕ್ಕ ಸಿಗುತ್ತದೆ. ಸರಾಸರಿ ನೋಡಬೇಡಿ, ಎರಡು ವಾರದಲ್ಲಿ ಅತಿ ಹೆಚ್ಚು ಬಂದ ದಿನವನ್ನು ಹಿಡಿಯಿರಿ. ಅದಕ್ಕೆ ಫ್ರಿಜ್, ದೀಪ ಇತ್ಯಾದಿ ಎಲ್ಲ ಸೇರಿದ 0.8 ಕೂಡಿಸಿ, ನೀವು ಹೋಗುವ ತಿಂಗಳಿನ ಬಿಸಿಲು ಮತ್ತು ಓಡಾಟದಿಂದ ಬರುವ ಯೂನಿಟ್ಟಿನ ಪಕ್ಕ ಇಡಿ.

ಕೊರತೆ ದಿನಕ್ಕೆ ಅರ್ಧ ಯೂನಿಟ್ಟಿನ ಒಳಗಿದ್ದರೆ ಪೈಪು ಎಳೆದು ಗ್ಯಾಸ್ ಕಟ್ಟುವ ಬದಲು ಇಂಡಕ್ಷನ್ನಿನ ಜೊತೆಗೆ ಒಂದು ಕಾರ್ಟ್ರಿಡ್ಜ್ ಒಲೆ (ಬಳಸಿ ಬಿಸಾಡುವ ಸಣ್ಣ ಗ್ಯಾಸ್ ಡಬ್ಬಿಯ ಒಲೆ) ಇಟ್ಟುಕೊಳ್ಳಬಹುದು. 220 ಗ್ರಾಮಿನ ಒಂದು ಡಬ್ಬಿಯಲ್ಲಿ ಹನ್ನೆರಡು ಲೀಟರ್ ನೀರು ಕುದಿಯುತ್ತದೆ. ಅದನ್ನು ವ್ಯಾನಿನ ಹೊರಗೇ ಹಚ್ಚಬೇಕು. ಕಾರ್ಟ್ರಿಡ್ಜ್ ಇರುವ ಭಾಗದ ಮೇಲೂ ಚಾಚುವಷ್ಟು ದೊಡ್ಡ ಪಾತ್ರೆ ಇಡಬಾರದು, ಪಾತ್ರೆಯ ಶಾಖ ತಗುಲಿ ಡಬ್ಬಿ ಸಿಡಿಯಬಹುದು. ಕೆಲಸ ಮುಗಿದ ಮೇಲೆ ಡಬ್ಬಿಯನ್ನು ಒಲೆಯಿಂದ ಬಿಡಿಸಿ, ಮುಚ್ಚಳ ಹಾಕಿ, ಬಿಸಿಲು ಬೀಳದ ಕಡೆ ಇಡಿ. ಮುಚ್ಚಿದ ವ್ಯಾನಿನ ಡ್ಯಾಶ್‌ಬೋರ್ಡು ಬೇಸಿಗೆಯಲ್ಲಿ ಅದಕ್ಕೆ ಅತ್ಯಂತ ಅಪಾಯದ ಜಾಗ.